ಚೆಂಡಿಗೆ ತಲೆ ಕೊಡೋ ವಯಸ್ಸು ಯಾವುದು?

ನಮ್ಮ ಚಿಕ್ಕಬಾಣಾವರದಲ್ಲಿ ಈಗ ನಾಲ್ಕು ಸೈಟ್ ಜಾಗ ಒಟ್ಟಿಗೆ ಖಾಲಿ ಸಿಕ್ಕರೆ ಸಾಕು, ಸುತ್ತ ಬಲೆ ಕಟ್ಟಿ, ಹಸಿರು ಹಾಸು ಹಾಸಿ, ಟರ್ಫ್ ಅಂತ ಬೋರ್ಡ್ ಹಾಕಿಬಿಡ್ತಾರೆ. ಸಂಜೆ ಕಾಲೇಜು ಹುಡುಗರು, ರಾತ್ರಿ ಆಫೀಸು ಮುಗಿಸಿ ಬಂದವರು, ಶನಿವಾರ ಭಾನುವಾರ ಬೆಳಿಗ್ಗೆ ಮಕ್ಕಳು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆಯವರಿಗೆ ಫುಟ್‌ಬಾಲ್ ತಲೆಮಾರುಗಳಿಂದ ಬಂದದ್ದು. ನಮ್ಮ ಹೆಸರಘಟ್ಟ ರಸ್ತೆಯ ಕಡೆಗೆ ಅದು ನಿಧಾನಕ್ಕೆ ಬಂತು. ಸೋಲದೇವನಹಳ್ಳಿಯ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳು ಆಡೋದನ್ನು ನೋಡಿ ನೋಡಿ ನಮ್ಮ ಮಕ್ಕಳಿಗೂ ಹುಚ್ಚು ಹತ್ತಿತು. ನನ್ನ ಹತ್ತು ವರ್ಷದ ಮಗಳಿಗೂ ಹತ್ತಿದೆ. ಅವಳು ಡಿಫೆಂಡರ್.

ಎರಡು ತಿಂಗಳ ಹಿಂದೆ ಪೋಷಕರ ವಾಟ್ಸ್ಆ್ಯಪ್ ಗ್ರೂಪಿಗೆ ಯಾರೋ ಒಂದು ವಿಡಿಯೊ ಹಾಕಿದರು. ಚೆಂಡನ್ನು ತಲೆಯಿಂದ ಹೊಡೆಯೋ ಮಕ್ಕಳಿಗೆ ಮುಂದೆ ಮರೆವಿನ ಕಾಯಿಲೆ ಬರುತ್ತೆ ಅಂತ ಅದರ ಸಾರ. ಮಧ್ಯಾಹ್ನದೊಳಗೆ ಎಪ್ಪತ್ತು ಮೆಸೇಜು. "ನಾವು ಕ್ರಿಕೆಟ್‌ಗೆ ಹಾಕ್ತೀವಿ" ಅಂತ ಇಬ್ಬರು ಅಲ್ಲೇ ಘೋಷಿಸಿದರು, ಕ್ರಿಕೆಟ್ ಚೆಂಡು ಹತ್ತಿಯಿಂದ ಮಾಡಿದ್ದೇನೋ ಅನ್ನೋ ಹಾಗೆ. ನಮ್ಮ ಮನೆಯಲ್ಲಿ ವಿಷಯ ಗೊತ್ತಾಗಿದ್ದು ಅತ್ತೆಗೆ. "ತಲೆ ಇರೋದು ಓದೋಕಮ್ಮ, ಚೆಂಡು ಗುದ್ದೋಕಲ್ಲ. ಬಿಡಿಸಿಬಿಡು" ಅಂದರು.

ಅತ್ತೆಯ ಮಾತಿನಲ್ಲಿ ಕಾಳಜಿ ಇತ್ತು, ಇಲ್ಲ ಅನ್ನೋಲ್ಲ. ಆದರೆ ಹುಡುಗಿಯರ ಆಟ ನಿಲ್ಲಿಸೋಕೆ ನಮ್ಮ ಮನೆಗಳಲ್ಲಿ ಒಂದು ನೆಪ ಸದಾ ತಯಾರಾಗಿರುತ್ತೆ. ಬಿಸಿಲಿಗೆ ಕಪ್ಪಾಗ್ತಾಳೆ, ಕಾಲು ಮುರಿದರೆ ಏನು ಗತಿ, ಇನ್ನೇನು ದೊಡ್ಡವಳಾಗ್ತಾಳೆ. ಈಗ ಆ ಪಟ್ಟಿಗೆ ವೈದ್ಯಕೀಯ ಕಾರಣವೂ ಸೇರಿತು. ಅವಳ ಬ್ಯಾಚಿನಲ್ಲಿ ಇರೋದೇ ನಾಲ್ಕು ಹುಡುಗಿಯರು. ಹಾಗಾಗಿ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳದೆ ನನಗೆ ಬೇರೆ ದಾರಿ ಇರಲಿಲ್ಲ.

ತಿಳಿದುಕೊಳ್ಳೋಕೆ ಹೊರಟಾಗ ನನ್ನ ಕೆಲಸವೇ ಉಪಯೋಗಕ್ಕೆ ಬಂತು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಪವರ್ ಪ್ರೆಸ್‌ಗಳು ದಿನವಿಡೀ ಧಡ್ ಧಡ್ ಅಂತ ತಗಡು ಕತ್ತರಿಸೋ ಜಾಗ. ಅಲ್ಲಿ ಒಂದು ಪೆಟ್ಟಿನ ಸದ್ದಿಗೆ ಯಾರ ಕಿವಿಯೂ ಹೋಗೋದಿಲ್ಲ. ಹತ್ತು ಹದಿನೈದು ವರ್ಷ ಕೇಳಿ ಕೇಳಿ ಹೋಗುತ್ತೆ. ಮೊದಲು ಸುಮಾರು 4,000 ಹರ್ಟ್ಸ್ ಹತ್ತಿರದ ಸದ್ದುಗಳು ಕೇಳಿಸೋದು ಕಡಿಮೆಯಾಗುತ್ತೆ. ಮಾತುಕತೆ ಚೆನ್ನಾಗಿಯೇ ಕೇಳಿಸ್ತಿರೋದರಿಂದ ಆಪರೇಟರ್‌ಗೆ ಗೊತ್ತೇ ಆಗೋಲ್ಲ. "ನನಗೇನೂ ಆಗಿಲ್ಲ ಮೇಡಂ" ಅಂತ ಇಯರ್ ಪ್ಲಗ್ ತೆಗೆದು ಜೇಬಿಗೆ ಹಾಕಿಕೊಳ್ತಾರೆ. ನೋವು ಇಲ್ಲದ ಹಾನಿಯನ್ನು ಜನರಿಗೆ ಅರ್ಥ ಮಾಡಿಸೋದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಅದಕ್ಕೇ ಜೆಫ್ ಆಸಲ್ ಕಥೆ ಓದಿದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ಸ್ಟ್ರೈಕರ್, ಹೆಡ್ಡಿಂಗ್‌ಗೆ ಹೆಸರುವಾಸಿ. 2002ರ ಜನವರಿಯಲ್ಲಿ ತೀರಿಕೊಂಡಾಗ ಬರೀ 59 ವರ್ಷ, ಮಿದುಳಿನ ಕಾಯಿಲೆಯಿಂದ ಎಲ್ಲವನ್ನೂ ಮರೆತಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ, ಸಾವಿನ ವಿಚಾರಣೆ ನಡೆಸಿದ ಕೊರೊನರ್ ಅದನ್ನು ಔದ್ಯೋಗಿಕ ಕಾಯಿಲೆಯಿಂದಾದ ಸಾವು ಅಂತ ದಾಖಲಿಸಿದರು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್, ಸದ್ದಿನಿಂದಾಗುವ ಕಿವುಡು ಇವೆಲ್ಲ ಇದ್ದ ಪಟ್ಟಿ ಇತ್ತಲ್ಲ, ಅದೇ ಜಾತಿಯ ಮಾತು ಅದು. ಚೆಂಡು ಆತನ ಪವರ್ ಪ್ರೆಸ್ ಆಗಿತ್ತು.

ಒಬ್ಬರ ಕಥೆಯಿಂದ ನಿಯಮ ಮಾಡೋಕಾಗೋಲ್ಲ ಅನ್ನಬಹುದು. ಸರಿ. 2019ರ ಅಕ್ಟೋಬರ್‌ನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಲ್ಲಿ ಸ್ಟೀವರ್ಟ್ ತಂಡ ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು 23,028 ಸಾಮಾನ್ಯ ಜನರ ದಾಖಲೆಗಳ ಜೊತೆ ಹೋಲಿಸಿ ನೋಡಿತು. ಮಿದುಳು ಕ್ಷಯಿಸುವ ಕಾಯಿಲೆಗಳಿಂದ ಸಾಯೋ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಜಾಸ್ತಿ. 2021ರಲ್ಲಿ ಅದೇ ತಂಡ ಆಟಗಾರರು ಆಡುತ್ತಿದ್ದ ಜಾಗದ ಪ್ರಕಾರ ವಿಂಗಡಿಸಿತು. ಗೋಲ್‌ಕೀಪರ್‌ಗಳ ಅಪಾಯ ಹೆಚ್ಚು ಕಡಿಮೆ ನಮ್ಮ ನಿಮ್ಮಷ್ಟೇ, ಡಿಫೆಂಡರ್‌ಗಳದ್ದು ಸುಮಾರು ಐದು ಪಟ್ಟು. ಕೀಪರ್ ಚೆಂಡನ್ನು ಕೈಯಲ್ಲಿ ಹಿಡೀತಾನೆ, ಡಿಫೆಂಡರ್ ತಲೆಯಲ್ಲಿ ತಡೀತಾನೆ. ಮಗಳು ಡಿಫೆಂಡರ್ ಅಂತ ಮೊದಲೇ ಹೇಳಿದೆನಲ್ಲ.

ಆ ವಿಡಿಯೊದವರು ಹೇಳದೇ ಬಿಟ್ಟ ಅರ್ಧವೂ ಅದೇ ಅಧ್ಯಯನದಲ್ಲಿದೆ. ಹೃದಯದ ಕಾಯಿಲೆಯಿಂದ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯೋದು ಆ ಆಟಗಾರರಲ್ಲಿ ಕಡಿಮೆ. ಆಟ ಅವರ ಮೈಗೆ ಒಳ್ಳೆಯದನ್ನೇ ಮಾಡಿತ್ತು. ಇನ್ನೊಂದು ವಿಷಯ, ಅವರೆಲ್ಲ ವರ್ಷಗಟ್ಟಲೆ ಅದನ್ನೇ ವೃತ್ತಿ ಮಾಡಿಕೊಂಡವರು. ವಾರಕ್ಕೆ ಎರಡು ದಿನ ಟರ್ಫಿಗೆ ಹೋಗೋ ಮಗುವಿಗೆ ಹೀಗೇ ಆಗುತ್ತೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಅತ್ತೆಗೆ ಇದನ್ನು ಎರಡು ಸಲ ಓದಿ ಹೇಳಿದೆ. "ಹೃದಯಕ್ಕೆ ಒಳ್ಳೇದಾ?" ಅಂತ ಕೇಳಿ ಸುಮ್ಮನಾದರು. ಬಿಪಿ ಮಾತ್ರೆ ನುಂಗೋರಿಗೆ ಆ ಮಾತು ನಾಟುತ್ತೆ.

ಮಾರನೇ ಶನಿವಾರ ಕಾಫಿ ಫ್ಲಾಸ್ಕ್ ಹಿಡಿದು ಟರ್ಫಿನ ಬಲೆಯ ಹೊರಗೆ ಕೂತು ಲೆಕ್ಕ ಹಾಕಿದೆ. ಅರ್ಧ ಗಂಟೆಯ ಮ್ಯಾಚಿನಲ್ಲಿ ಅವಳ ತಲೆಗೆ ಚೆಂಡು ಬಂದದ್ದು ಒಂದೇ ಸಲ, ಅದೂ ಆಕಸ್ಮಿಕ. ಈ ವಯಸ್ಸಿನವರು ಚೆಂಡನ್ನು ನೆಲದ ಮೇಲೇ ಓಡಿಸೋದು, ಮೇಲೆತ್ತಿ ಒದೆಯೋಷ್ಟು ಕಾಲಿನಲ್ಲಿ ಬಲವಿಲ್ಲ. ಆದರೆ ಅದಕ್ಕೆ ಮುಂಚೆ ಹದಿನೈದು ನಿಮಿಷ ಹೆಡ್ಡಿಂಗ್ ಡ್ರಿಲ್ ಇತ್ತು. ಸಾಲಾಗಿ ನಿಲ್ಲೋದು, ಕೋಚ್ ಚೆಂಡು ಎಸೆಯೋದು, ಹಣೆಯಿಂದ ಹೊಡೆದು ಹಿಂದಕ್ಕೆ ಹೋಗೋದು. ಅವಳ ಸರದಿ 22 ಸಲ ಬಂತು. ವಾರಕ್ಕೆ ಎರಡು ದಿನ, ವರ್ಷಕ್ಕೆ 45 ವಾರ ಅಂದುಕೊಂಡರೂ 1,980.

ಈ ಸಂಖ್ಯೆಯನ್ನು ಇನ್ನೊಂದು ಸಂಖ್ಯೆಯ ಪಕ್ಕ ಇಟ್ಟು ನೋಡಿ. 2013ರಲ್ಲಿ ನ್ಯೂಯಾರ್ಕಿನ ಮೈಕೆಲ್ ಲಿಪ್ಟನ್ ಮತ್ತು ಸಂಗಡಿಗರು 37 ಹವ್ಯಾಸಿ ಆಟಗಾರರ ಮಿದುಳಿನ ಸ್ಕ್ಯಾನ್ ಮಾಡಿದಾಗ, ವರ್ಷಕ್ಕೆ 885ರಿಂದ 1,550ರ ಮಿತಿ ದಾಟಿದವರಲ್ಲಿ ಮಿದುಳಿನ ನಾರುಗಳಲ್ಲಿ ವ್ಯತ್ಯಾಸ ಕಂಡಿತು. ಅವರೆಲ್ಲ ದೊಡ್ಡವರು, ಅಧ್ಯಯನವೂ ಚಿಕ್ಕದು. ಐದು ಹೆಜ್ಜೆ ದೂರದಿಂದ ಕೈಯಲ್ಲಿ ಎಸೆದ ಚೆಂಡೂ ಕಾರ್ನರ್ ಕಿಕ್‌ನಲ್ಲಿ ಹಾರಿ ಬರೋ ಚೆಂಡೂ ಒಂದೇ ಅಲ್ಲ. ಆದರೂ ನನ್ನ ಕಾರ್ಖಾನೆಯಲ್ಲಿ ಇಂಥ ಅಂಕಿ ಬಂದಿದ್ದರೆ ನಾನು ಪುರಾವೆ ಪೂರ್ತಿಯಾಗಲಿ ಅಂತ ಕಾಯ್ತಿರಲಿಲ್ಲ. ಪೆಟ್ಟಿನ ಸದ್ದಿಗೆ ನಮ್ಮಲ್ಲಿ ಎಣಿಕೆಯ ಮಿತಿಯೇ ಇದೆ: 140 ಡೆಸಿಬೆಲ್ ಆದರೆ ದಿನಕ್ಕೆ 100 ಸಲ, 130 ಆದರೆ 1,000, 120 ಆದರೆ 10,000. ಜೋರು ಹೆಚ್ಚಿದಷ್ಟೂ ಎಣಿಕೆ ಇಳೀಬೇಕು. ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಸೇರಿಸಿಕೊಳ್ಳಬೇಕು: ಮೈಗೆ ಹೋಲಿಸಿದರೆ ಅವರ ತಲೆ ದೊಡ್ಡದು, ಕುತ್ತಿಗೆ ಎಳೆಯದು. ಪೆಟ್ಟು ಬಿದ್ದಾಗ ತಲೆ ಅಲ್ಲಾಡದ ಹಾಗೆ ಹಿಡಿಯೋ ಸ್ನಾಯು ಇನ್ನೂ ಬಲಿತಿರೋಲ್ಲ.

ಹೊರಗಿನವರು ಮಾಡಿರೋದೂ ಇದನ್ನೇ. ಅಮೆರಿಕದಲ್ಲಿ ಪೋಷಕರು ಕೋರ್ಟಿಗೆ ಹೋದ ಮೇಲೆ, 2015ರ ನವೆಂಬರ್‌ನಲ್ಲಿ ಅಲ್ಲಿನ ಫೆಡರೇಷನ್ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡ್ಡಿಂಗ್ ಬೇಡ ಅಂದಿತು, 11ರಿಂದ 13ರವರಿಗೆ ತರಬೇತಿಯಲ್ಲಿ ಮಿತಿ ಹಾಕಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ 2020ರ ಫೆಬ್ರುವರಿಯಲ್ಲಿ ಪ್ರೈಮರಿ ಶಾಲೆಯ ಮಕ್ಕಳ ತರಬೇತಿಯಿಂದ ಅದನ್ನು ತೆಗೆದವು. ಇಂಗ್ಲೆಂಡ್ 2024–25ರಿಂದ ಚಿಕ್ಕವರ ಪಂದ್ಯಗಳಿಂದಲೂ ಹಂತ ಹಂತವಾಗಿ ತೆಗೀತಿದೆ. ಅಲ್ಲಿ ದೊಡ್ಡವರಿಗೂ, ಸಂಬಳ ತಗೊಂಡು ಆಡೋರಿಗೂ, 2021ರಿಂದ ಜೋರಾದ ಹೆಡರ್ ತರಬೇತಿಯಲ್ಲಿ ವಾರಕ್ಕೆ ಹತ್ತು ಮೀರಬಾರದು ಅನ್ನೋ ಸೂಚನೆ ಇದೆ.

ನಮ್ಮನೆಯವರು ಬೆಂಗಳೂರು ಎಫ್‌ಸಿಯ ಭಕ್ತರು. ಅವರದ್ದು ಒಂದೇ ವಾದ. "2019ರ ಐಎಸ್‌ಎಲ್ ಫೈನಲ್ ಮರೆತೆಯಾ? 117ನೇ ನಿಮಿಷ, ಕಾರ್ನರ್, ರಾಹುಲ್ ಭೆಕೆ ತಲೆ. ಹೆಡ್ಡಿಂಗ್ ಇಲ್ಲದೆ ಇದ್ದಿದ್ರೆ ಕಪ್ ಎಲ್ಲಿತ್ತು?" ಮುಂಬೈಯಲ್ಲಿ ಗೋವಾವನ್ನು 1–0ಯಿಂದ ಸೋಲಿಸಿದ ಆ ರಾತ್ರಿ ನಮ್ಮ ಮನೆಯಲ್ಲಿ ಟೀಪಾಯಿ ಗಾಜು ಒಡೆದಿತ್ತು, ಮರೆಯೋದು ಹೇಗೆ? ಆದರೆ ಭೆಕೆಗೆ ಆಗ 28 ವರ್ಷ. ಏನು ಅಪಾಯ ಅಂತ ತಿಳಿದು ತಲೆ ಕೊಡೋ ವಯಸ್ಸು ಅದು. ನನ್ನ ಮಗಳಿಗೆ ಹತ್ತು. ಕೋಚ್ ಸರ್ ಹೊಡಿ ಅಂದರೆ ಹೊಡೀತಾಳೆ.

ಕೋಚ್ ಸರ್ ಹೇಳಿದ ಮಾತಿನಲ್ಲಿ ಮಾತ್ರ ತೂಕ ಇತ್ತು. "ಮೇಡಂ, ಈಗ ಕಲಿಸದೇ ಬಿಟ್ಟರೆ ಹದಿಮೂರಕ್ಕೆ ದೊಡ್ಡ ಮೈದಾನಕ್ಕೆ ಹೋದಾಗ ಕಣ್ಣು ಮುಚ್ಚಿಕೊಂಡು ನೆತ್ತಿಯಿಂದ ಹೊಡೀತಾರೆ. ಇಬ್ಬರ ತಲೆ ಡಿಕ್ಕಿ ಆಗುತ್ತೆ. ಅದು ಇದಕ್ಕಿಂತ ಅಪಾಯ." ನಿಜ. ಹೆಡ್ಡಿಂಗ್ ಒಂದು ಕೌಶಲ್ಯ: ಕಣ್ಣು ತೆರೆದಿರಬೇಕು, ಕುತ್ತಿಗೆ ಬಿಗಿ ಹಿಡೀಬೇಕು, ಚೆಂಡಿಗೆ ಹಣೆ ಕೊಡಬೇಕು. ಆದರೆ ಇದನ್ನು ಬಲೂನಿನಲ್ಲಿ, ಸ್ಪಂಜಿನ ಚೆಂಡಿನಲ್ಲಿ ಕಲಿಸಿದರೂ ಮಗುವಿನ ಮೈ ಕಲಿಯುತ್ತೆ. ಕಾರು ಕಲಿಯೋಕೆ ಮೊದಲ ದಿನವೇ ತುಮಕೂರು ಹೈವೇಗೆ ಯಾರೂ ಕರಕೊಂಡು ಹೋಗೋಲ್ಲವಲ್ಲ.

ಅವತ್ತು ಚೆಂಡಿನ ಚೀಲವನ್ನೂ ನೋಡಿದೆ. ಏಳು ವರ್ಷದವರಿಗೂ ಹದಿನೇಳರವರಿಗೂ ಒಂದೇ ಚೀಲ, ಎಲ್ಲವೂ ಐದನೇ ಸೈಜು. ಅಂದರೆ 410ರಿಂದ 450 ಗ್ರಾಂ ತೂಗೋ, ದೊಡ್ಡವರ ಚೆಂಡು. ಚಿಕ್ಕ ಮಕ್ಕಳಿಗೆ ಮೂರು, ನಾಲ್ಕನೇ ಸೈಜಿನ ಹಗುರ ಚೆಂಡು ಸಿಗುತ್ತೆ. ಒತ್ತಿ ನೋಡಿದರೆ ಕಲ್ಲು. ನಿಯಮದ ಪ್ರಕಾರ ಚೆಂಡಿನ ಗಾಳಿ 0.6ರಿಂದ 1.1 ಅಟ್ಮಾಸ್ಫಿಯರ್, ಅಂದರೆ ಸುಮಾರು 8.5ರಿಂದ 15.6 ಪಿಎಸ್ಐ ಒಳಗೆ ಇದ್ದರಾಯಿತು. ಕೆಳಗಿನ ತುದಿಯಲ್ಲಿಟ್ಟರೂ ಅದು ಫುಟ್‌ಬಾಲೇ. ನಮ್ಮಲ್ಲಿ ಪಂಪು ಒತ್ತೋ ಹುಡುಗ ಕೈ ಸೋಲೋವರೆಗೂ ಒತ್ತುತ್ತಾನೆ, ಅದೇ ಅಳತೆ. ಮುಂದಿನ ವಾರ ಒಂದು ಪ್ರೆಷರ್ ಗೇಜ್ ತಗೊಂಡು ಹೋಗಿ ಕೊಟ್ಟೆ. ಎಲ್ಲರೂ ನಕ್ಕರು. ನಗಲಿ.

ನನ್ನ ಪ್ರಕಾರ ಉತ್ತರ ಇಷ್ಟೇ. ಹನ್ನೆರಡು ತುಂಬೋವರೆಗೆ ಹೆಡ್ಡಿಂಗ್ ಡ್ರಿಲ್ ಬೇಡ, ಕಾರ್ನರ್ ಎತ್ತಿ ಹೊಡೆಯೋದು ಬೇಡ. ಅದಕ್ಕೆ ನಿಷೇಧ ಅನ್ನೋ ದೊಡ್ಡ ಪದ ಬೇಕಿದ್ದರೆ ಇಟ್ಟುಕೊಳ್ಳಿ. ಆಟದಿಂದ ಏನೂ ಕಳೆದುಹೋಗೋಲ್ಲ, ಯಾಕಂದರೆ ಆ ವಯಸ್ಸಿನ ಆಟದಲ್ಲಿ ಅದು ಇರೋದೇ ಕಡಿಮೆ. ಆದರೆ ಮಗುವನ್ನು ಆಟದಿಂದ ಬಿಡಿಸೋರಿಗೆ ಆ ಗ್ಲಾಸ್ಗೋ ಅಂಕಿಗಳಲ್ಲಿ ಯಾವ ಆಧಾರವೂ ಇಲ್ಲ.

ಗ್ರೂಪಿನ ಎಪ್ಪತ್ತು ಮೆಸೇಜಿನಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು: ಟರ್ಫಿನಲ್ಲಿ ಯಾರಿಗಾದರೂ ನಿಜವಾಗಲೂ ತಲೆಗೆ ಪೆಟ್ಟಾದರೆ ಏನು ಮಾಡ್ತೀವಿ? 2012ರ ಮಾರ್ಚ್‌ನಲ್ಲಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲೇ, ಲೀಗ್ ಪಂದ್ಯದ ಮಧ್ಯೆ ಬೆಂಗಳೂರು ಮಾರ್ಸ್ ತಂಡದ ಯುವ ಆಟಗಾರನೊಬ್ಬ ಕುಸಿದುಬಿದ್ದಾಗ ಆಂಬುಲೆನ್ಸ್ ಇರಲಿಲ್ಲ, ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಆತ ಉಳೀಲಿಲ್ಲ. ಅದು ಹೃದಯಾಘಾತ, ಹೆಡ್ಡಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಗರದ ಮುಖ್ಯ ಮೈದಾನದಲ್ಲೇ ಹಾಗಾದರೆ ನಮ್ಮ ಬಲೆ ಕಟ್ಟಿದ ಟರ್ಫಿನಲ್ಲಿ? ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಖಾಲಿ ನೋವಿನ ಸ್ಪ್ರೇ ಡಬ್ಬ ಬಿಟ್ಟರೆ ಏನೂ ಇರಲಿಲ್ಲ. ಈಗ ಗೋಡೆಯ ಮೇಲೆ 108ರ ಜೊತೆಗೆ ಹತ್ತಿರದ ಆಸ್ಪತ್ರೆಯ ನಂಬರ್ ಬರೆಸಿದ್ದೇವೆ. ತಲೆಗೆ ಪೆಟ್ಟಾಗಿ ವಾಂತಿ, ತಲೆನೋವು, ಮಂಕು ಕವಿದ ಹಾಗೆ ಏನಾದರೂ ಕಂಡರೆ ಅವತ್ತು ಮತ್ತೆ ಆಡಿಸೋ ಹಾಗಿಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಮಗು "ನಾನು ಚೆನ್ನಾಗಿದೀನಿ" ಅಂದರೂ ಸರಿ. ನನ್ನ ಪ್ರೆಸ್ ಆಪರೇಟರ್‌ಗಳೂ ಹಾಗೇ ಅಂತಾರೆ.

ಕೋಚ್ ಸರ್ ಚಿಕ್ಕವರ ಬ್ಯಾಚಿನಲ್ಲಿ ಡ್ರಿಲ್ ನಿಲ್ಲಿಸಿದ್ದಾರೆ. ಪೋಷಕರು ದುಡ್ಡು ಹಾಕಿ ನಾಲ್ಕನೇ ಸೈಜಿನ ಹತ್ತು ಚೆಂಡು ತಂದಿದ್ದೇವೆ. ಕ್ರಿಕೆಟ್‌ಗೆ ಹೋದ ಇಬ್ಬರಲ್ಲಿ ಒಬ್ಬ ವಾಪಸ್ ಬಂದ. ಹುಡುಗಿಯರು ನಾಲ್ವರೂ ಇದ್ದಾರೆ. ಮುಂದಿನ ತಿಂಗಳು ಜಾಲಹಳ್ಳಿ ಕಡೆ ಅಕಾಡೆಮಿಗಳ ಟೂರ್ನಮೆಂಟ್ ಇದೆ. ಹನ್ನೆರಡರೊಳಗಿನವರ ಪಂದ್ಯದಲ್ಲಿ ಯಾರಾದರೂ ಬೇಕಂತಲೇ ಹೆಡ್ ಮಾಡಿದರೆ ಎದುರಾಳಿಗೆ ಫ್ರೀ ಕಿಕ್ ಕೊಡಿ ಅಂತ ಕೇಳಿ ಪತ್ರ ಬರೆದಿದ್ದೇವೆ. ಹದಿನೆಂಟು ಪೋಷಕರು ಸಹಿ ಹಾಕಿದ್ದಾರೆ, ನಮ್ಮನೆಯವರೂ ಹಾಕಿದ್ದಾರೆ. ಆಯೋಜಕರಿಂದ ಇನ್ನೂ ಉತ್ತರ ಬಂದಿಲ್ಲ.