ಮಳೆಯ ಲೆಕ್ಕ

ಲೋಕದಲ್ಲಿ ಜನರಿಗೆ ನಾನಾ ಬಗೆಯ ಹವ್ಯಾಸಗಳುಂಟು. ಕೆಲವರು ಅಂಚೆಚೀಟಿಗಳನ್ನು ಕೂಡಿಹಾಕುವರು. ಕೆಲವರು ಹಳೆಯ ನಾಣ್ಯಗಳನ್ನರಸುತ್ತ ಸಂತೆಯಿಂದ ಸಂತೆಗೆ ಅಲೆಯುವರು. ಪಾರಿವಾಳಗಳನ್ನು ಸಾಕಿ, ಸಂಜೆಯ ಆಕಾಶಕ್ಕೆ ಅವುಗಳನ್ನು ಹಾರಿಸುವುದರಲ್ಲಿಯೇ ಕೃತಾರ್ಥರಾಗುವವರೂ ಇರುವರು. ಸಿಂಧನೂರು ತಾಲೂಕಿನ ಜವಳಗೇರಾದ ಒಬ್ಬ ನಿವೃತ್ತ ಮಾಸ್ತರರ ಹವ್ಯಾಸವು ಇವೆಲ್ಲವುಗಳಿಗಿಂತ ಅಗ್ಗವಾದುದು. ಅವರು ಮಳೆಯನ್ನು ಅಳೆಯುವರು. ಇದಕ್ಕೆ ಬೇಕಾದ ಸಾಮಗ್ರಿಯೆಂದರೆ ಒಂದು ತಗಡಿನ ಡಬ್ಬಿ, ಒಂದು ಆಲಿಕೆ, ಒಂದು ಗಾಜಿನ ಕೊಳವೆ, ರಟ್ಟು ಕಟ್ಟಿದ ಒಂದು ಪುಸ್ತಕ ಮತ್ತು ಒಂದು ಸೀಸದಕಡ್ಡಿ. ಶಾಲೆಯಲ್ಲಿ ಭೂಗೋಳವನ್ನು ಕಲಿಸುತ್ತಿದ್ದಾಗ ಮಕ್ಕಳಿಗೆ ತೋರಿಸುವ ಸಲುವಾಗಿ ಆರಂಭಿಸಿದ ಈ ಕೆಲಸವು, ಶಾಲೆ ಬಿಟ್ಟ ಮೇಲೆಯೂ ಅವರನ್ನು ಬಿಡಲಿಲ್ಲ.

ಮಳೆಯನ್ನು ಅಳೆಯುವುದು ಮೇಲ್ನೋಟಕ್ಕೆ ಕಠಿನವೆಂದು ತೋರಿದರೂ ಅದರ ತತ್ತ್ವವು ಬಹು ಸರಳವಾದುದು. ನೆಟ್ಟನೆಯ ಗೋಡೆಯುಳ್ಳ ಯಾವ ಪಾತ್ರೆಯನ್ನಾದರೂ ಬಯಲಿನಲ್ಲಿಟ್ಟರೆ, ಅದರಲ್ಲಿ ನಿಂತ ನೀರಿನ ಎತ್ತರವೇ ಆ ಸ್ಥಳದಲ್ಲಿ ಬಿದ್ದ ಮಳೆಯ ಪ್ರಮಾಣವು. ಪಾತ್ರೆಯ ಬಾಯಿ ದೊಡ್ಡದಾದರೆ ನೀರು ಹೆಚ್ಚು ಸೇರುವುದು ನಿಜ. ಆದರೆ ತಳವೂ ಅಷ್ಟೇ ದೊಡ್ಡದಾದುದರಿಂದ ಎತ್ತರವು ಬದಲಾಗದು. ಸಣ್ಣ ಮಳೆಯೂ ಕಣ್ಣಿಗೆ ಕಾಣಬೇಕೆಂದರೆ, ಅಗಲವಾದ ಆಲಿಕೆಯಲ್ಲಿ ಬಿದ್ದ ನೀರನ್ನು ಅದರ ಹತ್ತನೆಯ ಒಂದು ಪಾಲಿನ ವಿಸ್ತೀರ್ಣವುಳ್ಳ ಕೊಳವೆಗೆ ಇಳಿಸಿದರಾಯಿತು. ಒಂದು ಮಿಲಿಮೀಟರು ಮಳೆಯು ಕೊಳವೆಯಲ್ಲಿ ಹತ್ತು ಮಿಲಿಮೀಟರಾಗಿ ಏರುವುದು. ಒಂದು ಮಿಲಿಮೀಟರೆಂದರೆ ಅಲ್ಪವೆಂದು ತಿಳಿಯಬಾರದು. ಒಂದು ಎಕರೆ ಹೊಲದ ಮೇಲೆ ಅದು ಸುಮಾರು ನಾಲ್ಕು ಸಾವಿರ ಲೀಟರು ನೀರಾಗುವುದು.

ಕೆಲಸವು ಸರಳವಾದರೂ ಅದಕ್ಕೆ ಕೆಲವು ಕಟ್ಟಳೆಗಳುಂಟು. 1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯ ರೂಢಿಯಂತೆ ಪ್ರತಿದಿನ ಬೆಳಿಗ್ಗೆ 8-30ಕ್ಕೆ ಮಳೆಯನ್ನು ಅಳೆಯಬೇಕು. ಮಾಪಕದ ಬಾಯಿಯು ನೆಲದಿಂದ 30 ಸೆಂಟಿಮೀಟರು ಎತ್ತರದಲ್ಲಿರಬೇಕು. ಮರಗಳೂ ಗೋಡೆಗಳೂ ತಮ್ಮ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದ ಮಳೆಯನ್ನು ಅಳೆದ ಬೆಳಗಿನ ತಾರೀಖಿಗೆ ಬರೆಯುವುದು ಪದ್ಧತಿ. ಆದುದರಿಂದ ಸೋಮವಾರ ರಾತ್ರಿ ಬಿದ್ದ ಮಳೆಯು ಮಂಗಳವಾರದ ಲೆಕ್ಕಕ್ಕೆ ಸೇರುವುದು. ಈ ಸಣ್ಣ ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಬೇಡಿಕೆ. ಮುಂದೆ ಇದರ ಪ್ರಯೋಜನವು ಬೀಳುವುದು. ಮಳೆ ಬೀಳದ ದಿನ ಪುಸ್ತಕವನ್ನು ಬರಿದಾಗಿ ಬಿಡಕೂಡದು, ಸೊನ್ನೆಯನ್ನು ಬರೆಯಬೇಕು. ಬರಿದಾದ ಸ್ಥಳವು ಅಳೆಯುವವನ ಮೈಗಳ್ಳತನವನ್ನು ಹೇಳುವುದು. ಸೊನ್ನೆಯು ಆಕಾಶದ ಸುದ್ದಿಯನ್ನು ಹೇಳುವುದು.

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎರೆಯ ನಾಡಿನಲ್ಲಿ ಸೊನ್ನೆಗಳಿಗೆ ಕೊರತೆಯಿಲ್ಲ. ಆಗುಂಬೆಯಲ್ಲಿ ವರ್ಷದ ಮಳೆಯು 7000 ಮಿಲಿಮೀಟರನ್ನು ಮೀರುವುದುಂಟು. ರಾಯಚೂರು ಜಿಲ್ಲೆಯ ಪಾಲಿಗೆ ಸರಾಸರಿ ಬರುವುದು ಸುಮಾರು 600 ಮಾತ್ರ. ಅದೂ ಸಮನಾಗಿ ಹಂಚಿ ಬಾರದು. ಆದಕಾರಣವೇ ಇಲ್ಲಿಯ ಒಕ್ಕಲಿಗನು ಮಳೆಗಳನ್ನು ನಕ್ಷತ್ರಗಳ ಹೆಸರು ಹಿಡಿದು, ಬಂಧುಗಳನ್ನು ಕರೆಯುವಂತೆ ಕರೆಯುವನು: ರೋಹಿಣಿ, ಮಿರಗ, ಆರಿದ್ರಿ, ಪುಬ್ಬಿ, ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿ. ಪ್ರತಿಯೊಂದಕ್ಕೂ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಜೂನ್ ತಿಂಗಳ ಮೊದಲ ವಾರ ಕಳೆದ ಮೇಲೆ ಹೊಕ್ಕುವ ಮಿರಗವು ಮುಂಗಾರಿನ ಬಾಗಿಲನ್ನು ತೆರೆಯುವುದು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಕೂಡುವ ಹಸ್ತಿಯು ಹಿಂಗಾರಿ ಜೋಳದ ಹಣೆಬರಹವನ್ನು ಬರೆಯುವುದು. ಮಾಸ್ತರರ ಪುಸ್ತಕದಲ್ಲಿ ಇಂಗ್ಲಿಷ್ ತಾರೀಖಿನ ಮಗ್ಗುಲಲ್ಲಿಯೇ ನಕ್ಷತ್ರದ ಹೆಸರಿಗೂ ಒಂದು ಸಾಲು ಇದೆ.

ಊರಿನವರಿಗೆ ಈ ಲೆಕ್ಕವು ಒಂದು ವಿನೋದವಾಗಿ ತೋರುವುದು. ಅದಕ್ಕೆ ಕಾರಣವೂ ಉಂಟು. 1945ರಲ್ಲಿ ಅಡಿಗಲ್ಲನ್ನು ಕಂಡ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟಂದಿನಿಂದ ಈ ಸೀಮೆಯ ರೂಪವೇ ಬದಲಾಯಿತು. 227 ಕಿಲೋಮೀಟರು ಉದ್ದದ ಎಡದಂಡೆಯ ಕಾಲುವೆಯು ಜೋಳದ ನಾಡನ್ನು ಭತ್ತದ ನಾಡಾಗಿ ಮಾಡಿತು. ಜವಳಗೇರಾದಲ್ಲಿ ಬೀಜ ಬೆಳೆಸುವ ಕೇಂದ್ರ ಸರಕಾರದ ದೊಡ್ಡ ಕ್ಷೇತ್ರವೇ ಇದೆ. “ಕಾಲುವೆಯಲ್ಲಿ ನೀರು ಬರುತ್ತದೆ, ಮಾಸ್ತರರು ಡಬ್ಬಿಯಲ್ಲಿ ಏನನ್ನು ಹುಡುಕುತ್ತಾರೆ?” ಎಂದು ಹೊಸ ತಲೆಮಾರಿನವರು ನಗುವರು. ಮಾಸ್ತರರ ಉತ್ತರವು ಯಾವಾಗಲೂ ಒಂದೇ: ಕಾಲುವೆಯ ನೀರೂ ಎಲ್ಲಿಯೋ ಒಂದು ಕಡೆ ಮಳೆಯಾಗಿ ಬಿದ್ದುದೇ ಅಲ್ಲವೇ? ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸಂಗಮಿಸುವ ತುಂಗೆ ಭದ್ರೆಯರು ಮಲೆನಾಡಿನ ಮಳೆಯನ್ನೇ ಹೊತ್ತು ತರುವರು. ಅಲ್ಲಿ ಆಕಾಶವು ಮುನಿದರೆ ಇಲ್ಲಿ ಗದ್ದೆಯು ಒಡೆಯುವುದು. 2023ರ ಬರಗಾಲದಲ್ಲಿ ಇದನ್ನು ಎಲ್ಲರೂ ಕಂಡರು. ಮರುವರ್ಷ ಜಲಾಶಯವು ತುಂಬಿತು; ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರು ಹೊಳೆಗೆ ಹರಿಯತೊಡಗಿತು. ಒಂದೇ ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂಡಿಸಿದರಾದರೂ, ಆ ವಾರದಲ್ಲಿ ನಕ್ಕವರೂ ಮುಗಿಲನ್ನು ನೋಡಿದರು.

ಮಳೆಯನ್ನು ಅಳೆಯುವುದು ಇಂದು ನಿನ್ನೆಯ ಹುಚ್ಚೂ ಅಲ್ಲ. ಡಾ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓಲೆಗರಿಗಳಿಂದ ಹೊರತೆಗೆದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಠಾರದ ಮುಂದೆ ಒಂದು ಮೊಳ ಬಾಯಿಯ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಒಣ ಸೀಮೆಗೆ ಹದಿನಾರು ದ್ರೋಣ, ನೀರು ಸೀಮೆಗೆ ಅದರ ಒಂದೂವರೆಯಷ್ಟು ಎಂದು ಪ್ರಮಾಣಗಳೂ ಇವೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಇಂಥದೇ ಕುಂಡದ ಮಾತು ಬರುವುದು. ಇಂಗ್ಲೆಂಡಿನಲ್ಲಿ 1860ರಲ್ಲಿ ಸೈಮನ್ಸ್ ಎಂಬ ಗೃಹಸ್ಥನು ಮಳೆಯ ಲೆಕ್ಕವನ್ನು ಕೂಡಿಸಲಾರಂಭಿಸಿದನು; 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅವನಿಗೆ ಲೆಕ್ಕ ಕಳುಹಿಸುವವರ ಸಂಖ್ಯೆಯು ಮೂರು ಸಾವಿರವನ್ನು ದಾಟಿತ್ತು. ಅವರಲ್ಲಿ ಬಹುಮಂದಿ ಸಂಬಳವಿಲ್ಲದೆ, ತಮ್ಮ ತಮ್ಮ ಹಿತ್ತಲುಗಳಲ್ಲಿ ಹವ್ಯಾಸಕ್ಕಾಗಿ ಅಳೆದವರು. ಇಂದು ಕರ್ನಾಟಕದಲ್ಲಿ, 1988ರಲ್ಲಿ ಬರಗಾಲದ ನಿಗಾಕ್ಕೆಂದು ಹುಟ್ಟಿ ಈಗ ಪ್ರಕೃತಿವಿಕೋಪಗಳೆಲ್ಲವನ್ನೂ ನೋಡಿಕೊಳ್ಳುವ ರಾಜ್ಯದ ಕೇಂದ್ರವು, ಪಂಚಾಯತಿ ಪಂಚಾಯತಿಗೂ ತಾನಾಗಿಯೇ ಸುದ್ದಿ ಕಳುಹಿಸುವ ಮಾಪಕಗಳನ್ನು ನಿಲ್ಲಿಸಿದೆ. ಹೀಗಿರುವಾಗ ತಗಡಿನ ಡಬ್ಬಿಯ ಲೆಕ್ಕದಿಂದ ಸರಕಾರಕ್ಕೆ ಆಗಬೇಕಾದುದು ಏನೂ ಇಲ್ಲವೆಂದು ಮಾಸ್ತರರಿಗೂ ಗೊತ್ತು.

ಆದರೂ ಅವರು ಬಿಡಲಿಲ್ಲ. ಅವರ ಅಭಿಪ್ರಾಯದಲ್ಲಿ ಆ ಪುಸ್ತಕವು ಮನುಷ್ಯನ ನೆನಪಿಗೆ ಹಾಕಿದ ಮೂಗುದಾಣವು. ಕಟ್ಟೆಯ ಮೇಲೆ ಕುಳಿತ ಹಿರಿಯರು, “ನಮ್ಮ ಕಾಲದಲ್ಲಿ ಮಿರಗ ಒಮ್ಮೆಯೂ ತಪ್ಪಿದ್ದಿಲ್ಲ” ಎಂದರೆ, ಮಾಸ್ತರರು ಮನೆಗೆ ಹೋಗಿ ಪುಸ್ತಕವನ್ನು ತಂದು ಸೊನ್ನೆಗಳ ಸಾಲನ್ನು ಓದಿ ತೋರಿಸುವರು. ಇದರಿಂದ ಅವರಿಗೆ ಮಿತ್ರರು ಹೆಚ್ಚಿದರೆಂದು ಹೇಳಲಾಗದು. ತಮ್ಮ ಲೆಕ್ಕದಲ್ಲಿಯಂತೂ ಅವರು ಬಹು ಕಟ್ಟುನಿಟ್ಟಿನವರು. 2009ರಲ್ಲಿ, ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಹುಟ್ಟುವಾಗ, ಹಸ್ತಿ ಮಳೆಯು ಉತ್ತರ ಕರ್ನಾಟಕದ ಊರೂರುಗಳನ್ನೇ ಮುಳುಗಿಸಿತಷ್ಟೆ. ಆ ದಿನಗಳಲ್ಲಿ ಒಂದು ಬೆಳಿಗ್ಗೆ ನೋಡಿದರೆ ಡಬ್ಬಿಯು ತುಂಬಿ ಹೊರಚೆಲ್ಲಿತ್ತು. ಒಂದು ಅಂದಾಜಿನ ಅಂಕಿಯನ್ನು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಅವರು, “ತುಂಬಿ ಚೆಲ್ಲಿದೆ; ಪ್ರಮಾಣ ತಿಳಿಯದು” ಎಂದು ಬರೆದು ಸುಮ್ಮನಾದರು.

ಇಂಥವರಿಗೆ ಕಳೆದ ವರ್ಷ ಒಂದು ಪರೀಕ್ಷೆಯು ಒದಗಿತು. ಹಳೆಯ ಪುಸ್ತಕಗಳಲ್ಲೊಂದಕ್ಕೆ ಗೆದ್ದಲು ಹತ್ತಿದ್ದುದರಿಂದ, ಅದನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿ ಹಳೆಯದನ್ನು ಸುಟ್ಟುಬಿಡಬೇಕೆಂದು ನಿಶ್ಚಯಿಸಿದರು. ನಕಲು ಸಾಗುತ್ತ ಸಾಗುತ್ತ, ಅವರ ಪತ್ನಿಯು ತೀರಿಕೊಂಡ ವರ್ಷದ ಸ್ವಾತಿ ಮಳೆಯ ಪುಟವು ಬಂದಿತು.

ಆ ಸಂಗತಿ ನಡೆದು ಹನ್ನೊಂದು ವರ್ಷಗಳಾಗಿದ್ದವು. ಅವರ ಮನೆಯು ಊರ ಹೊರಗೆ ಹೊಲದ ಅಂಚಿನಲ್ಲಿರುವುದು. ಮನೆಯಿಂದ ದೊಡ್ಡ ರಸ್ತೆಯವರೆಗೆ ಆಗ ಇದ್ದುದು ಎರೆಮಣ್ಣಿನ ಬಂಡಿದಾರಿ. ಒಣಗಿದ್ದಾಗ ಕಲ್ಲಿನಂತಿರುವ ಎರೆಯು ನೆನೆದರೆ ಚಕ್ರಕ್ಕೆ ಮೆತ್ತಿ ಬಂಡಿಯನ್ನೂ ಮೋಟಾರನ್ನೂ ನಿಂತಲ್ಲಿಯೇ ಹಿಡಿಯುವುದೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಆ ರಾತ್ರಿ ಹತ್ತು ಗಂಟೆಗೆ ಆಕೆಗೆ ಎದೆನೋವು ಕಾಣಿಸಿಕೊಂಡಿತು. ಬೆಳಗಾಗುವ ಮುಂಚೆ ಪ್ರಾಣವು ಹೋಯಿತು. ಸಿಂಧನೂರಿನ ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲವೆಂದು ಬಂಧುಗಳು ಕೇಳಿದಾಗಲೆಲ್ಲ ಮಾಸ್ತರರು, “ಸ್ವಾತಿ ಮಳೆ ಹಿಡಿದಿತ್ತು; ದಾರಿ ಕೆಸರಾಗಿತ್ತು; ಏನು ಮಾಡಲಿ?” ಎನ್ನುತ್ತಿದ್ದರು. ಮಗಳಿಗೂ ಹಾಗೆಯೇ ಹೇಳಿದ್ದರು. ಅವರು ಸುಳ್ಳಾಡಲಿಲ್ಲ. ಸೂರಿನಿಂದ ನೀರು ಸುರಿದ ಸಪ್ಪಳವು ಅವರ ಕಿವಿಯಲ್ಲಿ ಇನ್ನೂ ಇತ್ತು.

ಪುಟದಲ್ಲಿ ಆ ಬೆಳಗಿನ ತಾರೀಖಿಗೆ ಸೊನ್ನೆಯಿತ್ತು. ಅದರ ಮುಂದಿನ ದಿನಕ್ಕೆ 21 ಮಿಲಿಮೀಟರು. ಎರಡೂ ಅವರ ಕೈಬರಹವೇ. ಹೆಣವು ಮನೆಯಲ್ಲಿರುವಾಗಲೂ, ಬಹುದಿನದ ಅಭ್ಯಾಸಬಲದಿಂದ, ಎಂಟೂವರೆಗೆ ಅಂಗಳಕ್ಕೆ ಹೋಗಿ ಡಬ್ಬಿಯನ್ನು ನೋಡಿ ಬಂದು ಬರೆದಿದ್ದರು. ಹಾಗೆ ಬರೆದುದು ಅವರಿಗೆ ನೆನಪಿರಲಿಲ್ಲ. ಮಳೆ ಬಂದುದು ನಿಜ. ಆದರೆ ಅದು ಬಂದುದು ಮಾರನೆಯ ರಾತ್ರಿ, ಮಣ್ಣುಮಾಡಿ ಮನೆಗೆ ಬಂದ ಮೇಲೆ. ನೋವಿನ ರಾತ್ರಿ ದಾರಿಯು ಒಣಗಿಯೇ ಇತ್ತು. ವಾಯುವಿನ ನೋವಿರಬಹುದು, ಬೆಳಗಾಗಲಿ ನೋಡೋಣ ಎಂದು ಅವರೇ ತಡೆದಿದ್ದರು. ಆ ಮಾತನ್ನು ಮನಸ್ಸು ಮೆಲ್ಲಗೆ ಹಿಂದಕ್ಕೆ ಸರಿಸಿ, ಒಂದು ರಾತ್ರಿಯ ಮಳೆಯನ್ನು ಇನ್ನೊಂದು ರಾತ್ರಿಗೆ ತಂದು ಸುರಿಸಿತ್ತು.

ಮಾಸ್ತರರು ಸೀಸದಕಡ್ಡಿಯನ್ನು ಕೆಳಗಿಟ್ಟು ಬಹಳ ಹೊತ್ತು ಕುಳಿತರು. ಗೆದ್ದಲು ತಿಂದ ಪುಟವು. ಹೊಸ ಪುಸ್ತಕದಲ್ಲಿ 21ನ್ನು ಒಂದು ಸಾಲು ಮೇಲೆ ಬರೆದರೆ ಅದನ್ನು ಅರಿಯುವವರು ಭೂಲೋಕದಲ್ಲಿ ಯಾರೂ ಇರಲಿಲ್ಲ. ಹಳೆಯದು ಹೇಗೂ ಒಲೆಗೆ ಹೋಗುವುದು. ಆಕಾಶಕ್ಕೂ ಸರಕಾರಕ್ಕೂ ಅದರಿಂದ ನಷ್ಟವಿಲ್ಲ. ಬೇಗನೆ ಒಯ್ದಿದ್ದರೆ ಆಕೆ ಉಳಿಯುತ್ತಿದ್ದಳೆಂದು ಯಾವ ವೈದ್ಯನೂ ಹೇಳಿದ್ದಿಲ್ಲ. ಈ ಎಲ್ಲ ವಿಚಾರಗಳೂ ಅವರಿಗೆ ಬಂದವು. ಕೊನೆಗೆ ಹೊಸ ಪುಸ್ತಕದಲ್ಲಿಯೂ ಸೊನ್ನೆಯನ್ನೇ ಬರೆದು, ಕೆಳಗಿನ ಸಾಲಿನಲ್ಲಿ 21 ಎಂದು ಬರೆದರು. ಹಳೆಯ ಪುಸ್ತಕವನ್ನು ಸುಡಲಿಲ್ಲ. ಬಿಸಿಲಿಗೆ ಹಾಕಿ ಒಣಗಿಸಿ, ಬೇವಿನೆಲೆಯನ್ನಿಟ್ಟು ಪೆಟ್ಟಿಗೆಯಲ್ಲಿಟ್ಟರು.

ಹವ್ಯಾಸಗಳು ಹೊತ್ತು ಕಳೆಯುವುದಕ್ಕೆಂದು ಸಾಮಾನ್ಯವಾಗಿ ಹೇಳುವರು. ಅದು ನಿಜವೂ ಹೌದು. ಆದರೆ ಯಾವ ಫಲವನ್ನೂ ಬಯಸದೆ ದಿನ ದಿನವೂ ಮಾಡಿದ ಸಣ್ಣ ಕೆಲಸವು, ಮಾಡುವವನಿಗೇ ತಿಳಿಯದೆ ಅವನ ಸಾಕ್ಷಿಯಾಗಿ ನಿಲ್ಲುವುದುಂಟು. ಫಲಕ್ಕಾಗಿ ಬರೆದ ಲೆಕ್ಕವನ್ನು ಫಲಕ್ಕಾಗಿ ತಿದ್ದಬಹುದು. ಯಾರಿಗೂ ಬೇಡದ ಲೆಕ್ಕವನ್ನು ತಿದ್ದಲು ಹೊರಟವನಿಗೆ ತನ್ನ ಕೈಯೇ ಕಾಣುವುದು. ಮಾಸ್ತರರು ಊರ ಹಿರಿಯರ ನೆನಪನ್ನು ತಿದ್ದುತ್ತಿದ್ದಾಗ ಅವರಲ್ಲಿ ತುಸು ಗರ್ವವಿತ್ತು. ಈಗ ಅವರು ಕಟ್ಟೆಗೆ ಪುಸ್ತಕವನ್ನು ಒಯ್ಯುವುದಿಲ್ಲ. ಯಾರಾದರೂ ಹಳೆಯ ಮಿರಗಗಳನ್ನು ಹೊಗಳಿದರೆ ಕೇಳಿ ಸುಮ್ಮನಿರುವರು.

ಮಗಳಿಗೆ ಹೇಳಬೇಕೋ ಬೇಡವೋ ಎಂದು ಅವರು ಚಿತ್ತಿ ಮಳೆಯು ಮುಗಿಯುವವರೆಗೆ ಆಲೋಚಿಸಿದರು. ಆಮೇಲೆ ಒಂದು ಸಂಜೆ ಫೋನಿನಲ್ಲಿ, ಏನೂ ಬಿಡದೆ ಹೇಳಿದರು. ಆಕೆ ಕೆಲವು ಹೊತ್ತು ಮಾತನಾಡಲಿಲ್ಲ. ಆಮೇಲೆ, ತಾಯಿಯು ಇದ್ದಾಗ ಪ್ರತಿ ಮುಂಜಾನೆ ಅಡುಗೆಮನೆಯಿಂದ ಕೇಳುತ್ತಿದ್ದ ಮಾತನ್ನೇ ಕೇಳಿದಳು: “ಇವತ್ತು ಎಷ್ಟು?”

“ಸೊನ್ನೆ” ಎಂದರು ಮಾಸ್ತರರು, “ಮೂಡಲಲ್ಲಿ ಮೋಡ ಕಟ್ಟಿದೆ.”