ನನ್ನ ಮುತ್ಯಾನ ಗಾಳ

ಈ ಸಲದ ಗೋಡೆ ಪತ್ರಿಕೆಗೆ "ನಾನು ಮೆಚ್ಚಿದ ವ್ಯಕ್ತಿ" ಎಂಬ ವಿಷಯ ಕೊಟ್ಟಿದ್ದಾರೆ. ನಮ್ಮ ತರಗತಿಯಲ್ಲಿ ಕೆಲವರು ಗಾಂಧೀಜಿಯವರ ಬಗ್ಗೆ ಬರೆದಿದ್ದಾರೆ. ಕೆಲವರು ಅಬ್ದುಲ್ ಕಲಾಂ ಅವರ ಬಗ್ಗೆ ಬರೆದಿದ್ದಾರೆ. ನಾನು ನಮ್ಮ ಮುತ್ಯಾನ ಬಗ್ಗೆ ಬರೆಯುತ್ತೇನೆ. ಆತನ ಹೆಸರು ಯಾವ ಪುಸ್ತಕದಾಗೂ ಇಲ್ಲ. ಆತ ಸಾಲಿ ಕಲಿತಿಲ್ಲ. ಆದರೆ ಕಾಗಿಣಾ ಹೊಳೆಯ ಬಗ್ಗೆ ಆತನಿಗೆ ಗೊತ್ತಿದ್ದಷ್ಟು ನಮ್ಮ ಊರಾಗ ಬೇರೆ ಯಾರಿಗೂ ಗೊತ್ತಿಲ್ಲ.

ಮೊದಲು ಹೊಳೆಯ ಬಗ್ಗೆ ಹೇಳುತ್ತೇನೆ. ಕಾಗಿಣಾ ತೆಲಂಗಾಣದಾಗ ಹುಟ್ಟಿ, ತಾಂಡೂರ ಕಡೆಯಿಂದ ನಮ್ಮ ಸೇಡಂ ತಾಲ್ಲೂಕಿಗೆ ಬರುತ್ತದೆ. ಚಿಂಚೋಳಿ ಕಡೆಯಿಂದ ಬರುವ ಮುಲ್ಲಾಮಾರಿ ಇದಕ್ಕೆ ಕೂಡುತ್ತದೆ. ಬೆಣ್ಣೆತೊರಾನೂ ಕೂಡುತ್ತದೆ. ಆಮೇಲೆ ಚಿತ್ತಾಪುರ ತಾಲ್ಲೂಕು ದಾಟಿ, ಶಹಾಬಾದ ಹತ್ತಿರ ಹೊನಗುಂಟಾದಲ್ಲಿ ಭೀಮಾ ನದಿಗೆ ಸೇರುತ್ತದೆ. ಭೀಮಾ ಹೋಗಿ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಬಂಗಾಳ ಕೊಲ್ಲಿಗೆ. ಅಂದರೆ ನಮ್ಮ ಊರ ಮುಂದಿನ ನೀರು ಸಮುದ್ರ ನೋಡುತ್ತದೆ, ನಾವು ಮಾತ್ರ ಇನ್ನೂ ನೋಡಿಲ್ಲ.

ನಮ್ಮ ಊರಿಂದ ಮಳಖೇಡ ಭಾಳ ದೂರ ಇಲ್ಲ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದು ನಾವೆಲ್ಲ ಸಮಾಜ ಪಾಠದಲ್ಲಿ ಓದಿದ್ದೇವೆ. ಅಮೋಘವರ್ಷ ನೃಪತುಂಗ ಅಲ್ಲಿ ಇದ್ದ. ೯ನೇ ಶತಮಾನದ ಕವಿರಾಜಮಾರ್ಗ ಆತನ ಆಸ್ಥಾನದಾಗೇ ಬರೆದದ್ದು. ಕೋಟೆಯ ಕೆಳಗೆ ಇದೇ ಕಾಗಿಣಾ ಹರಿಯುತ್ತದೆ. ರಾಜ ಪುಸ್ತಕ ಓದಿಸುವಾಗ, ಕೆಳಗೆ ದಂಡಿ ಮ್ಯಾಲ ಯಾರೋ ಒಬ್ಬ ಮುತ್ಯಾ ಗಾಳ ಹಾಕಿಕೊಂಡು ಕೂತಿರಬೇಕು ಎಂದು ನನಗೆ ಅನಿಸುತ್ತದೆ.

ನಮ್ಮ ಮುತ್ಯಾ ಹರೆಯದಲ್ಲಿ ಶಹಾಬಾದದ ಪರಸಿ ಖಣಿಯಲ್ಲಿ ದುಡಿಯುತ್ತಿದ್ದ. ಶಹಾಬಾದ ಪರಸಿ ಎಲ್ಲಾ ಊರಿಗೂ ಹೋಗುತ್ತದೆ. ನಮ್ಮ ಶಾಲೆಯ ನೆಲಕ್ಕೂ ಅದೇ ಹಾಕಿದ್ದಾರೆ. ಅದು ಸುಣ್ಣದ ಕಲ್ಲು. ವಾಡಿಯಲ್ಲಿ ಸಿಮೆಂಟ್ ಮಾಡುವುದೂ ಸುಣ್ಣದ ಕಲ್ಲಿನಿಂದಲೇ. ಕಲ್ಲು ಎತ್ತಿ ಎತ್ತಿ ಮುತ್ಯಾನ ನಡ ಹಿಡಿಯಿತು. ಆಮೇಲೆ ಊರಿಗೆ ಬಂದು ಒಂದೂವರೆ ಎಕರೆ ತೊಗರಿ ಹೊಲ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಗಾಳ ಹಿಡಿದ. ಆತ ಹೇಳುತ್ತಾನೆ, "ಖಣಿಯಾಗ ಕಲ್ಲಿನ ಪದರ ನೋಡಿ ನೋಡಿ ನನಗ ಹೊಳಿ ತಿಳಿದದ. ಪರಸಿ ಎಲ್ಲಿ ಬಿರಕು ಬಿಟ್ಟದ, ಮೀನ ಅಲ್ಲೇ ಮನಿ ಮಾಡತದ."

ಗಾಳದ ಮುಳ್ಳು ತರಲು ಮುತ್ಯಾ ವಾಡಿಗೆ ಹೋಗುತ್ತಿದ್ದ. ಮಳಖೇಡ ರೋಡ್ ಸ್ಟೇಷನ್‌ನಲ್ಲಿ ಪ್ಯಾಸೆಂಜರ್ ಹತ್ತಿದರೆ ಚಿತ್ತಾಪುರ ದಾಟಿ ವಾಡಿ ಬರುತ್ತದೆ. ಈ ರೈಲು ದಾರಿ ನಿಜಾಮರ ಕಾಲದ್ದು, ೧೮೭೪ರಿಂದ ಓಡುತ್ತದೆ. ಒಂದು ಸಲ ಹೋದರೆ ವರ್ಷಕ್ಕೆ ಸಾಕಾಗುವಷ್ಟು ಮುಳ್ಳು ತರುತ್ತಿದ್ದ. ಉಳಿದದ್ದೆಲ್ಲ ಮನೆಯದೇ. ಕೋಲು ಬಿದಿರಿನದು. ನೀರಿನ ಮೇಲೆ ತೇಲುವ ಬೆಂಡು ಜೋಳದ ದಂಟಿನದು. ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗೆ ಹಗುರ ಬೆಂಡು ಇರುತ್ತದಲ್ಲ, ನಾವು ಗಾಡಿ ಮಾಡಿ ಆಡುತ್ತೇವಲ್ಲ, ಅದೇ. ಎರೆಹುಳ ಬಚ್ಚಲ ನೀರು ಹೋಗುವ ಜಾಗದಲ್ಲಿ ಸಿಗುತ್ತವೆ. ಒಟ್ಟಿನಲ್ಲಿ ಮುತ್ಯಾನ ಖರ್ಚು ಭಾಳ ಕಡಿಮೆ.

ಎರಡು ವರ್ಷದಿಂದ ಮುತ್ಯಾನ ಕಣ್ಣಿಗೆ ಪೊರೆ ಬಂದದ. ಬೆಂಡು ಆತನಿಗೆ ಕಾಣುವುದಿಲ್ಲ. ಅದಕ್ಕೆ ರವಿವಾರ ನಾನು ಜೊತೆಗೆ ಹೋಗುತ್ತೇನೆ. "ಹೆಣ್ಣುಹುಡುಗಿ ಗಾಳ ಹಿಡಿತದೇನು?" ಎಂದು ಓಣಿಯವರು ನಗುತ್ತಾರೆ. ಮುತ್ಯಾ, "ಗಾಳ ನಾನ ಹಿಡಿತೀನಿ, ಕಣ್ಣು ಆಕಿದು" ಅನ್ನುತ್ತಾನೆ. ನಾವು ಮಾತು ಆಡುವುದಿಲ್ಲ. ಬೆಂಡು ಅಲ್ಲಾಡಿದರೆ ನಾನು ಆತನ ಮೊಣಕಾಲು ಒಂದು ಸಲ ಮುಟ್ಟುತ್ತೇನೆ. ಮುಳುಗಿದರೆ ಎರಡು ಸಲ. ಆಗ ಆತ ಎಳೆಯುತ್ತಾನೆ.

ಹೊಳೆಗೆ ಹೋದರೆ ಮೀನು ಮಾತ್ರ ಅಲ್ಲ, ಎಷ್ಟೋ ಜೀವ ನೋಡಲು ಸಿಗುತ್ತವೆ. ಕಪ್ಪು ಬಿಳುಪು ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದ ಹಂಗ ನೀರಿಗೆ ಬೀಳುತ್ತದೆ. ನೀರುಕಾಗೆ ಮುಳುಗಿ ಮೀನು ಹಿಡಿದು, ಬಂಡೆಯ ಮೇಲೆ ರೆಕ್ಕೆ ಅಗಲ ಮಾಡಿ ಬಿಸಿಲಿಗೆ ಒಣಗಿಸುತ್ತದೆ. ಅದರ ರೆಕ್ಕೆ ಬಾತುಕೋಳಿಯ ರೆಕ್ಕೆಯಂತೆ ಅಲ್ಲ, ನೀರಲ್ಲಿ ತೊಯ್ಯುತ್ತದೆ. ಟಿಟ್ಟಿಭ ಹಕ್ಕಿ ಗರಸಿನ ನೆಲದ ಮೇಲೆ ಬಯಲಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಕಲ್ಲಿನ ಬಣ್ಣದವು, ಕಾಣುವುದೇ ಇಲ್ಲ. ನಾವು ಹತ್ತಿರ ಹೋದರೆ ಅದು ಒದರಾಡುತ್ತದೆ. ಆಗ ಮುತ್ಯಾ ದೂರದಿಂದ ಸುತ್ತು ಹಾಕಿ ಹೋಗುತ್ತಾನೆ. ಬಿಸಿಲು ಏರಿದ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚುತ್ತೇವೆ. ಮೀನು ಸಿಕ್ಕರೂ ಸಿಗದಿದ್ದರೂ ಆ ರೊಟ್ಟಿ ಮನೆಯದಕ್ಕಿಂತ ರುಚಿ ಇರುತ್ತದೆ.

ಮೀನುಗಳಲ್ಲಿ ಮುತ್ಯಾನಿಗೆ ಕೊರಮೀನ ಅಂದರೆ ಮರ್ಯಾದೆ. ಪುಸ್ತಕದಲ್ಲಿ ಇದಕ್ಕೆ ಕುಚ್ಚು ಮೀನು ಎನ್ನುತ್ತಾರೆ. ತಲೆ ಹಾವಿನ ತಲೆಯ ಹಂಗ ಇರುತ್ತದೆ. ಇದು ಕಿವಿರಿನಿಂದ ಅಷ್ಟೇ ಅಲ್ಲ, ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕೆ ನೀರು ಕಡಿಮೆಯಾದ ರಾಡಿಯಲ್ಲೂ ಬದುಕುತ್ತದೆ. ಹಸಿ ಬಟ್ಟೆಯಲ್ಲಿ ಸುತ್ತಿದರೆ ಮನೆ ಮುಟ್ಟಿದ ಮೇಲೂ ಜೀವ ಇರುತ್ತದೆ.

ಕೊರಮೀನದ ಇನ್ನೊಂದು ಗುಣ ಕೇಳಿದರೆ ನಿಮಗೂ ಆಶ್ಚರ್ಯವಾಗುತ್ತದೆ. ಬಹಳ ಮೀನುಗಳು ತತ್ತಿ ಇಟ್ಟು ಹೋಗಿಬಿಡುತ್ತವೆ. ಕೊರಮೀನ ಹೋಗುವುದಿಲ್ಲ. ಮಳೆಗಾಲದಲ್ಲಿ ಮರಿ ಆದ ಮೇಲೆ ತಾಯಿ ತಂದೆ ಕಾಯುತ್ತವೆ. ಮರಿಗಳು ಕೆಂಪಗೆ, ನೂರಾರು ಒಂದೇ ಗುಂಪಾಗಿ ಮೇಲೆ ಬರುತ್ತವೆ. ದೂರದಿಂದ ನೋಡಿದರೆ ನೀರಾಗ ಯಾರೋ ಕುಂಕುಮ ಚೆಲ್ಲಿದ ಹಂಗ ಕಾಣುತ್ತದೆ. ಅದರ ಕೆಳಗೇ ದೊಡ್ಡ ಮೀನು ಇರುತ್ತದೆ. ಮರಿ ಹತ್ತಿರ ಏನು ಬಂದರೂ ಅದು ಸಿಟ್ಟಿನಿಂದ ಕಚ್ಚುತ್ತದೆ. ಅದಕ್ಕೆ ಆಗ ಅದನ್ನು ಗಾಳಕ್ಕೆ ಹಿಡಿಯುವುದು ಭಾಳ ಸರಳ. ಆದರೆ ಮುತ್ಯಾ ಆ ಮೀನು ಮುಟ್ಟುವುದಿಲ್ಲ. "ಅದು ಹಸಿವಿಗಿ ಕಚ್ಚಂಗಿಲ್ಲ ಯವ್ವಾ, ಮಕ್ಕಳ ಸಲುವಾಗಿ ಕಚ್ಚತದ. ಅಂಥದ್ದು ಹಿಡಿದ್ರ ಅದು ಬ್ಯಾಟಿ ಅಲ್ಲ, ಮೋಸ" ಅನ್ನುತ್ತಾನೆ. ತಾಯಿ ಹೋದರೆ ಆ ಮರಿಗಳನ್ನು ಬೇರೆ ಮೀನು, ಹಕ್ಕಿ ತಿಂದುಬಿಡುತ್ತವೆ. ಒಂದು ಮೀನಿನ ಆಸೆಗೆ ನೂರು ಮೀನು ಹೋಗುತ್ತವೆ.

ಈಗ ಹೋದ ಬೇಸಿಗೆಯ ಸಂಗತಿ ಬರೆಯಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಕಾಗಿಣಾ ಹರಿಯುವುದು ನಿಂತು, ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿಯುತ್ತದೆ. ಹೊಳೆಯ ಎಲ್ಲಾ ಮೀನು ಆ ಮಡುವಿನಲ್ಲಿ ಜೀವ ಹಿಡಿದುಕೊಂಡು ಮಳೆಗೆ ಕಾಯುತ್ತವೆ. ಒಂದು ಮುಂಜಾನೆ ನಾವು ಹೋದಾಗ ಮಡುವಿನ ತುಂಬ ಮೀನು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಳದ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಯಾರೋ ರಾತ್ರಿ ಅದನ್ನು ಸುರುವಿ, ದೊಡ್ಡ ದೊಡ್ಡ ಮೀನು ಆರಿಸಿಕೊಂಡು ಹೋಗಿದ್ದರು. ಸಣ್ಣವು ಬಿಟ್ಟಿದ್ದರು. ಬೆರಳಿನಷ್ಟು ಮೀನು, ಸಿಗಡಿ, ಏಡಿ, ಕಪ್ಪೆ, ಎಲ್ಲಾ ಸತ್ತಿದ್ದವು. ನಮ್ಮ ಎಮ್ಮೆ ನೀರಿಗೆ ಮೂತಿ ಹಚ್ಚಿ ಹಿಂದಕ್ಕೆ ಬಂತು.

ಮುತ್ಯಾನಿಗೆ ಏನೂ ಕಾಣುತ್ತಿರಲಿಲ್ಲ. "ಎಷ್ಟು ಅವ?" ಎಂದು ಕೇಳಿದ. ನಾನು ಎಣಿಸಲಿಕ್ಕೆ ಹತ್ತಿದೆ, ಎಣಿಸಿ ಮುಗಿಯಲಿಲ್ಲ. ನಾವು ಬುಟ್ಟಿಯಲ್ಲಿ ತುಂಬಿ ತುಂಬಿ ಹೊಲದ ಮೂಲೆಯಲ್ಲಿ ಹೂಳಿದೆವು, ನಾಯಿ ನರಿ ತಿನ್ನಬಾರದು ಅಂತ. ಮುತ್ಯಾ ಆವತ್ತು ಒಂದೇ ಮಾತು ಹೇಳಿದ. "ಗಾಳಕ್ಕ ಇವತ್ತಿನ ಮೀನ ಬರತದ. ವಿಷಕ್ಕ ನಾಳಿನ ಮೀನೂ ಬರತದ." ಮನೆಗೆ ಬಂದು ಕೋಲು ಜಂತಿಗೆ ಸಿಗಿಸಿದ. ಆಮೇಲೆ ಎರಡು ತಿಂಗಳು ಹೊಳೆಯ ಕಡೆ ಹೋಗಲಿಲ್ಲ. ಮಿರಗಕ್ಕೆ ಮೀನು ತಿನ್ನುವುದು ನಮ್ಮ ಮನೆಯ ರೂಢಿ. ಈ ವರ್ಷ ಮಿರಗದ ದಿನ ಅವ್ವ ಬದನೆಕಾಯಿ ಪಲ್ಯ ಮಾಡಿದಳು. ಮುತ್ಯಾ ಅರ್ಧ ರೊಟ್ಟಿಗೇ ಎದ್ದ.

ನಾನು ಈ ಸಂಗತಿಯನ್ನು ನಮ್ಮ ವಿಜ್ಞಾನದ ಸರ್‌ಗೆ ಹೇಳಿದೆ. ಅವರು ವಿವರಿಸಿದರು. ಬ್ಲೀಚಿಂಗ್ ಪೌಡರ್ ನೀರಿಗೆ ಬಿದ್ದರೆ ಕ್ಲೋರಿನ್ ಬಿಡುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ, ಮೀನು ಉಸಿರು ಕಟ್ಟಿ ಸಾಯುತ್ತದೆ. ವಿಷ ಹಾಕಿ, ಮದ್ದು ಸಿಡಿಸಿ ಮೀನು ಹಿಡಿಯುವುದು ಅಪರಾಧ ಎಂದು ೧೮೯೭ರಷ್ಟು ಹಿಂದೆಯೇ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲಿ ಬರೆದಿದ್ದರಂತೆ. ನಮ್ಮ ಮುತ್ಯಾನ ಮುತ್ಯಾ ಹುಟ್ಟಿದ ಕಾಲಕ್ಕೇ ಇದು ತಪ್ಪು ಎಂದು ಗೊತ್ತಿತ್ತು!

ಶಾಲೆಯಿಂದ ನಾವು ಚಿಂಚೋಳಿಯ ಚಂದ್ರಂಪಳ್ಳಿಗೆ ಪ್ರವಾಸ ಹೋಗಿದ್ದು ನಿಮಗೆಲ್ಲ ನೆನಪಿರಬಹುದು. ಅಲ್ಲಿನ ಕಾಡನ್ನು ಸರ್ಕಾರ ೨೦೧೧ರಲ್ಲಿ ವನ್ಯಜೀವಿ ಧಾಮ ಮಾಡಿದೆ. ಸುಮಾರು ೧೩೪ ಚದರ ಕಿಲೋಮೀಟರ್ ಅದೆ. ತೋಳ, ಕತ್ತೆಕಿರುಬ, ನರಿ ಇವೆ. ಕಾಯಲು ಗಾರ್ಡ್ ಇದ್ದಾರೆ. ಬಂದ ಮೇಲೆ ನಾನು ಮುತ್ಯಾನಿಗೆ, "ನಮ್ಮ ಮಡುವಿಗಿ ಯಾಕ ಗಾರ್ಡ್ ಇಲ್ಲ?" ಎಂದು ಕೇಳಿದ್ದೆ. ಆತ, "ದಿನಾ ನೀರು ಕುಡಿಯವರು ನಾವು. ಮತ್ತ ಬ್ಯಾರೆ ಗಾರ್ಡ್ ಯಾಕ ಬೇಕು?" ಅಂದಿದ್ದ. ಬೇಸಿಗೆಯಲ್ಲಿ ಆ ಮಾತು ನನಗೆ ಭಾಳ ಸಲ ನೆನಪಾಯಿತು.

ಆಮೇಲೆ ಮಳೆ ಬಂತು. ೨೦೨೦ರ ಅಕ್ಟೋಬರ್‌ನಲ್ಲಿ ಮಳಖೇಡದ ಸೇತುವೆ ಮುಳುಗಿ, ಜಯತೀರ್ಥರ ಮಠದೊಳಗೆ ನೀರು ಹೊಕ್ಕಿತ್ತಲ್ಲ, ಅಷ್ಟು ದೊಡ್ಡ ನೆರೆ ಅಲ್ಲ. ಆದರೂ ಹೊಳೆ ಕೆಂಪಗೆ ತುಂಬಿ ಹರಿಯಿತು. ಹೊಸ ನೀರಿಗೆ ಮೀನು ಎದುರು ಈಜಿ ಮೇಲೆ ಬರುತ್ತವೆ ಎಂದು ಮುತ್ಯಾ ಯಾವಾಗಲೂ ಹೇಳುತ್ತಾನೆ. ಆದರೆ ಈ ಸಲ ಆತ ಹೇಳಲಿಲ್ಲ. ನಾನೇ ದಿನಾ ಶಾಲೆ ಬಿಟ್ಟ ಮೇಲೆ ಹೋಗಿ ನೋಡುತ್ತಿದ್ದೆ. ಮೊದಲು ಕಪ್ಪೆ ಬಂದವು. ಆಮೇಲೆ ಒಂದು ನೀರುಕಾಗೆ ಬಂತು. ಹಕ್ಕಿ ಬಂದರೆ ಮೀನು ಬಂದ ಹಾಗೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಗಣೇಶನ ಹಬ್ಬ ಆದ ಮೇಲೆ ಒಂದು ಸಂಜೆ, ಮಡುವಿನ ಆ ಕಡೆ ಜಂಬು ಬೆಳೆದ ಜಾಗದಲ್ಲಿ ನೀರು ಕೆಂಪಗೆ ಕಂಡಿತು. ಒಮ್ಮೆ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ನಾನು ಓಡಿ ಹೋಗಿ ಮುತ್ಯಾನ ಕೈ ಹಿಡಿದು ಕರೆದುಕೊಂಡು ಬಂದೆ. ಆತನಿಗೆ ಅದು ಕಾಣಲಿಲ್ಲ. ದಂಡಿ ಮ್ಯಾಲ ಕೂತು ಕಿವಿ ಕೊಟ್ಟು ಕೇಳಿದ. ದೊಡ್ಡ ಮೀನು ಗಾಳಿ ತೆಗೆದುಕೊಳ್ಳಲು ಮೇಲೆ ಬಂದಾಗ "ಗುಳುಕ್" ಎಂದು ಸಪ್ಪಳ ಆಗುತ್ತದೆ. ಆ ಸಪ್ಪಳ ಬಂತು. ಮುತ್ಯಾ, "ಬಂದಾಳ ನೋಡು" ಅಂದ. ಅವತ್ತು ಆತ ಗಾಳ ತಂದಿರಲಿಲ್ಲ. ತಂದಿದ್ದರೂ ಹಾಕುತ್ತಿರಲಿಲ್ಲ.

ಗೆಳೆಯರೇ, ಗೆಳತಿಯರೇ, ನಿಮ್ಮಲ್ಲಿ ಭಾಳ ಮಂದಿ ಹೊಳೆಗೆ ಈಜಲು, ಎಮ್ಮೆ ಮೈ ತೊಳೆಯಲು ಬರುತ್ತೀರಿ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಕಲ್ಲು ಒಗೆಯಬೇಡಿರಿ. ಯಾರಾದರೂ ರಾತ್ರಿ ಚೀಲ ಹೊತ್ತು ಮಡುವಿನ ಕಡೆ ಹೋದದ್ದು ಕಂಡರೆ ಮನೆಯಲ್ಲಿ, ಇಲ್ಲದಿದ್ದರೆ ನಮ್ಮ ಗುರುಗಳಿಗೆ ತಿಳಿಸಿರಿ. ಆ ನೀರು ನಮ್ಮ ದನಕರುಗಳೂ ಕುಡಿಯುತ್ತವೆ. ಗುರುಗಳು ಈ ವಿಷಯವನ್ನು ಪ್ರಾರ್ಥನೆಯ ಸಮಯದಲ್ಲಿ ಎಲ್ಲರಿಗೂ ಹೇಳಬೇಕು, ಪಂಚಾಯತಿಗೂ ತಿಳಿಸಬೇಕು ಎಂದು ನನ್ನ ವಿನಂತಿ.

ದೀಪಾವಳಿ ಆದ ಮೇಲೆ ಮುತ್ಯಾನ ಕಣ್ಣಿನ ಆಪರೇಷನ್ ಮಾಡಿಸಬೇಕೆಂದು ಅಪ್ಪ ಹೇಳಿದ್ದಾನೆ. ಕಣ್ಣು ಬಂದ ಮೇಲೆ ಮುತ್ಯಾನಿಗೆ ನನ್ನ ಜರೂರು ಇರುವುದಿಲ್ಲ. ಆದರೆ ಆತ ಈಗಾಗಲೇ ನನಗೊಂದು ಸಣ್ಣ ಬಿದಿರಿನ ಕೋಲು ಕಡಿದು ನೆರಳಿನಲ್ಲಿ ಒಣಗಲು ಇಟ್ಟಿದ್ದಾನೆ.

— ೭ನೇ ತರಗತಿ ವಿದ್ಯಾರ್ಥಿನಿ