ಬಳೆ ಬಿಗಿಯಾದರೆ

ತರೀಕೆರೆ ಪಕ್ಕದ ಹಳ್ಳಿ. ಅಡಿಕೆ ಸುಗ್ಗಿ. ಬೆಳಗ್ಗೆ ಏಳಕ್ಕೇ ಅಂಗಳದ ತುಂಬ ಹಸಿ ಅಡಿಕೆ, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರ ಸಾಲಿನಲ್ಲಿ ಮನೆಯ ಯಜಮಾನಿ ಇಲ್ಲ. ಅವರು ಜಗಲಿಯಲ್ಲಿ ಎಡಗೈ ಚಾಚಿ ಕೂತಿದ್ದಾರೆ. ಸೊಸೆ ಟೈಲರ್ ಟೇಪು ಬಿಚ್ಚುತ್ತಿದ್ದಾಳೆ.

"ಕೈ ಸಡಿಲ ಬಿಡಿ ಅತ್ತೆ."

ಮಣಿಕಟ್ಟಿನಿಂದ ಮೇಲಕ್ಕೆ 10 ಸೆಂ.ಮೀ.ಗೊಂದು ಪೆನ್ನಿನ ಗುರುತು. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಎಡಗೈ ಆದಮೇಲೆ ಬಲಗೈ. ಅಳತೆಯೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ.

"ಜಾಸ್ತಿ ಆಗಿದೆಯೇನೆ?"

"ಇಲ್ಲ ಅತ್ತೆ. ಮೊಣಕೈ ಕೆಳಗೆ ಒಂದೂವರೆ ಸೆಂ.ಮೀ. ವ್ಯತ್ಯಾಸ. ಹೋದ ಸಲವೂ ಅಷ್ಟೇ ಇತ್ತು."

ಮುಂಗೈಯನ್ನು ಬೆರಳಿನಿಂದ ಒತ್ತಿ ಬಿಡುತ್ತಾಳೆ. ಸಣ್ಣ ಗುಳಿ ಬೀಳುತ್ತದೆ, ನಿಧಾನಕ್ಕೆ ತುಂಬಿಕೊಳ್ಳುತ್ತದೆ.

ಅತ್ತೆಗೆ ಸ್ತನ ಕ್ಯಾನ್ಸರಿನ ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದಾರೆ, ಆಮೇಲೆ ರೇಡಿಯೇಷನ್ ಆಗಿದೆ. ತೋಟದ ಬಸಿಗಾಲುವೆ ಮುಚ್ಚಿದರೆ ನೀರು ಬುಡದಲ್ಲೇ ನಿಲ್ಲುವ ಹಾಗೆ ಕೈಯ ದುಗ್ಧರಸ ಅಲ್ಲೇ ನಿಂತಿದೆ. ಕಂಕುಳಿನ ಗ್ರಂಥಿ ತೆಗೆದ ಐವರಲ್ಲಿ ಸುಮಾರು ಒಬ್ಬರಿಗೆ ಈ ಬಾವು ಬರುತ್ತದೆ, ಕೆಲವರಿಗೆ ವರ್ಷಗಳು ಕಳೆದ ಮೇಲೆ. ಇವರಿಗೆ ಮೊದಲು ಬಳೆ ಬಿಗಿಯಾಯಿತು, ಆಮೇಲೆ ರವಿಕೆಯ ತೋಳು. ಕೆಲಸ ಮಾಡಿ ಊದಿದೆ ಎಂದುಕೊಂಡು ತಿಂಗಳುಗಟ್ಟಲೆ ಸೆರಗಿನಲ್ಲಿ ಮುಚ್ಚಿಟ್ಟಿದ್ದರು. ನನಗೆ ಸಂಕಟವಾಗುವುದು ಆ ತಿಂಗಳುಗಳ ಬಗ್ಗೆಯೇ. ಶುರುವಿನ ಬಾವು ಇಳಿಯುತ್ತದೆ. ಬಿಟ್ಟರೆ ಚರ್ಮ ಗಟ್ಟಿಯಾಗಿ ಹಾಗೇ ಉಳಿದುಬಿಡುತ್ತದೆ.

ಸೊಸೆ ಬಿಗಿ ತೋಳುಚೀಲವನ್ನು ಮಡಿಕೆ ಬೀಳದಂತೆ ಏರಿಸುತ್ತಾಳೆ. ಹಗಲೆಲ್ಲ ಅದು ಕೈಮೇಲೆ, ರಾತ್ರಿ ಹಗ್ಗದ ಮೇಲೆ. ಅತ್ತೆ ಮುಷ್ಟಿ ಹಿಡಿದು ಬಿಡುತ್ತಾ ಅಂಗಳ ನೋಡುತ್ತಾರೆ. ಸುಲಿಯಲು ಆಸೆ.

"ಬೇಡ, ಬೆರಳು ಕುಯ್ದುಕೊಂಡ್ರೆ ಮತ್ತೆ ಜ್ವರ ಬರುತ್ತೆ."

ಹೋದ ಸುಗ್ಗಿಯಲ್ಲಿ ಹಾಗೇ ಆಗಿತ್ತು. ಚಿಕ್ಕ ಗಾಯ, ಸಂಜೆಗೆ ಕೈಯೆಲ್ಲ ಕೆಂಪು, ಚಳಿಜ್ವರ, ಆಸ್ಪತ್ರೆ. ಕೈಗೆ ಕೆಲಸವೇ ಕೂಡದು ಎಂಬ ಹಳೆಯ ಮಾತು ಮಾತ್ರ ಸರಿಯಲ್ಲ. ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಿ ವ್ಯಾಯಾಮ ಮಾಡಿದವರಲ್ಲಿ ಬಾವು ಹೆಚ್ಚಲಿಲ್ಲ ಎಂದು ಅಮೆರಿಕದ ಅಧ್ಯಯನವೊಂದು 2009ರಲ್ಲೇ ತೋರಿಸಿದೆ. ಹೆದರಬೇಕಾದದ್ದು ಗಾಯಕ್ಕೆ. ಅಜ್ಜಂಪುರದ ಈರುಳ್ಳಿ ಹೊಲವಿರಲಿ, ಕಡೂರಿನ ತೆಂಗಿನ ತೋಟವಿರಲಿ, ಕುಡುಗೋಲು ಹಿಡಿಯುವ ಕೈಗೆ ಗವಸು ಬೇಕು.

ಚಿಕಿತ್ಸೆಗೆ ತರೀಕೆರೆಯಲ್ಲಿ ರೈಲು ಹತ್ತಿದರೆ ಬೀರೂರು, ಕಡೂರು ದಾಟಿ ಬೆಂಗಳೂರು. ಅಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಘಟ್ಟದ ಕೆಳಗೆ ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿಯವರ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ, ಯೋಗ, ಬಿಗಿ ಬ್ಯಾಂಡೇಜು ಸೇರಿಸಿ ಇಂಥ ಬಾವಿಗೆ ಚಿಕಿತ್ಸೆ ಕೊಡುತ್ತಿದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ನಿಗದಿಯಾಗಿದ್ದರೆ, ಅದಕ್ಕೆ ಮುಂಚೆಯೇ ಎರಡೂ ಕೈ ಅಳೆದು ಬರೆದಿಡಿ. ಆಮೇಲೆ 2 ಸೆಂ.ಮೀ. ವ್ಯತ್ಯಾಸ ಕಂಡರೆ ಅದೇ ವಾರ ಡಾಕ್ಟರಿಗೆ ತೋರಿಸಿ. ಕೈ ಕೆಂಪಾಗಿ ಜ್ವರ ಬಂದರೆ ಅವತ್ತೇ ಹೋಗಿ.